ಮೂರು ಶಂಕು ಮರಳು

ಬೀದಿಗೆ ಬೀದಿಯೇ ಅವರನ್ನು ಕೂದಲೆಳೆ ಮೇಸ್ತ್ರಿ ಎಂದು ಕರೆಯುತ್ತಿತ್ತು. ಮರ ಕಡೆಯುವ ಲೇತಿನ ಮುಂದೆ ನಿಂತು ನಲವತ್ತು ವರ್ಷವಾಗಿತ್ತು. ಮಂಚದ ಕಾಲು ಮಾಡಲಿ, ಸುತ್ತಿಗೆಯ ಹಿಡಿ ಮಾಡಲಿ, ಕೊಡುವಾಗ ಒಂದೇ ಮಾತು: "ತಗೊಳ್ಳಿ, ಕೂದಲೆಳೆಯಷ್ಟು ಆಚೀಚೆ ಆಗಿದ್ರೆ ತಂದು ನನ್ನ ತಲೆ ಮೇಲೆ ಹಾಕಿ." ಯಾರೂ ತಂದು ಹಾಕಿರಲಿಲ್ಲ. ಆ ತಲೆಯ ಮೇಲೆ ಈಗ ಎಣಿಸಿ ಹೇಳುವಷ್ಟೇ ಕೂದಲು ಉಳಿದಿರುವುದರಿಂದ ಲೆಕ್ಕ ಸುಲಭವಾಯಿತು ಎಂದು ಅವರ ಹೆಂಡತಿ ನಗುತ್ತಿದ್ದರು.

ಮನೆಯಲ್ಲಿ ಬೀದಿ ಕಡೆಯ ಕೋಣೆಯೇ ಕಾರ್ಖಾನೆ. ನಡುವೆ ಲೇತು, ಗೋಡೆಗೆ ಸಾಲಾಗಿ ಸಿಕ್ಕಿಸಿದ ಉಳಿಗಳು, ನೆಲದ ಮೇಲೆ ಎಷ್ಟು ಗುಡಿಸಿದರೂ ಮುಗಿಯದ ಮರದ ಹೊಟ್ಟು. ಹಿಂದಿನ ಕಪಾಟಿನಲ್ಲಿ ಮೇಸ್ತ್ರಿಯ ನಿಜವಾದ ಹೆಮ್ಮೆ ಇತ್ತು. ಶಾಲೆಗಳಲ್ಲಿ ರೇಖಾಗಣಿತ ಹೇಳಿಕೊಡಲು ಬೇಕಾಗುವ ಘನಾಕೃತಿಗಳನ್ನು ಅವರು ಮರದಲ್ಲಿ ಕಡೆದು, ಪೆಟ್ಟಿಗೆಯಲ್ಲಿ ಜೋಡಿಸಿ ಕಳಿಸುತ್ತಿದ್ದರು. ಘನ, ಪಟ್ಟಕ, ಪಿರಮಿಡ್, ಗೋಳ, ಅರ್ಧಗೋಳ, ಎಲ್ಲವೂ ಗಟ್ಟಿ ಮರದವು. ಜೊತೆಗೆ ಒಂದು ಟೊಳ್ಳು ಜೋಡಿ: ಬಾಯಿ ತೆರೆದ ಒಂದು ಶಂಕು, ಬಾಯಿ ತೆರೆದ ಒಂದು ಸಿಲಿಂಡರ್. ಎರಡಕ್ಕೂ ಒಂದೇ ಅಗಲ, ಒಂದೇ ಎತ್ತರ. ಶಂಕುವಿನಲ್ಲಿ ಮರಳು ತುಂಬಿ ಸಿಲಿಂಡರಿಗೆ ಸುರಿದರೆ ಮೂರನೆಯ ಸಲಕ್ಕೆ ಸರಿಯಾಗಿ ತುಂಬಬೇಕು. ಶಂಕುವಿನ ಘನಫಲ ಸಿಲಿಂಡರಿನ ಮೂರನೇ ಒಂದು ಪಾಲು ಎಂದು ಮಕ್ಕಳು ಕಣ್ಣಾರೆ ಕಾಣುವುದು ಹಾಗೆ. ಈ ಪೆಟ್ಟಿಗೆಗಳು ಇಪ್ಪತ್ತೆರಡು ವರ್ಷದಲ್ಲಿ ಸಾವಿರದ ನೂರಕ್ಕೂ ಮಿಕ್ಕಿ ಶಾಲೆಗಳಿಗೆ ಹೋಗಿದ್ದವು. ಪ್ರತಿಯೊಂದರ ತಳದಲ್ಲೂ ಮೇಸ್ತ್ರಿ ಕಾದ ಕಬ್ಬಿಣದಿಂದ ಒತ್ತಿದ ಮಾರ್ಕು ಇತ್ತು. ಒಂದೇ ಒಂದು ದೂರು ಬಂದಿರಲಿಲ್ಲ.

ಮಗ ಗೂಡ್ಸ್ ರೈಲಿನ ಗಾರ್ಡು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಹುಡುಗಿಯರ ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುತ್ತಾ ಬಂದಿತ್ತು. ಕೆಲಸ ಕಾಯಂ ಆಗಬೇಕಾದರೆ ತಪಾಸಣೆ ಸಾಹೇಬರು ಬಂದು ತರಗತಿಯಲ್ಲಿ ಕೂತು, ಪಾಠ ನೋಡಿ, ಫೈಲಿನಲ್ಲಿ ಒಳ್ಳೆಯ ಮಾತು ಬರೆಯಬೇಕು. ಆ ಗುರುವಾರ ಸಾಹೇಬರು ಬಂದರು. ಸೊಸೆ ಹೇಳಿಕೊಡಲು ಆರಿಸಿಕೊಂಡದ್ದು ಶಂಕುವಿನ ಘನಫಲ. ಮಾವನೇ ಮಾಡಿದ ಪೆಟ್ಟಿಗೆ ಶಾಲೆಯ ಬೀರುವಿನಲ್ಲಿರುವಾಗ ಬೇರೆ ಪಾಠ ಯಾಕೆ ಎಂದು ಅವಳಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಮೊದಲೇ ಒಮ್ಮೆ ಸುರಿದು ನೋಡಬೇಕಿತ್ತು, ನೋಡಲಿಲ್ಲ. ಮನೆಯವರ ಕೆಲಸವನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಆ ಸಂಜೆ ಊಟಕ್ಕೆ ಕೂತಾಗ ಮೇಸ್ತ್ರಿ ಕೇಳಿದರು: "ಹೆಂಗಾಯ್ತಮ್ಮ ಪಾಠ?"

"ಸರಿಯಾಗಿ ಆಗ್ಲಿಲ್ಲ ಮಾವ. ಬರೋ ಗುರುವಾರ ಇನ್ನೊಂದು ಸಲ ಬಂದು ನೋಡ್ತಾರಂತೆ. ಅದೂ ಸರಿಹೋಗ್ಲಿಲ್ಲ ಅಂದ್ರೆ ಕೆಲಸ ಕಾಯಂ ಇಲ್ಲ."

"ಯಾಕೆ, ಏನಾಯ್ತು?"

"ಮೂರು ಸಲ ಸುರಿದ್ರೂ ಸಿಲಿಂಡರ್ ತುಂಬ್ಲಿಲ್ಲ. ಒಂದು ಬೆರಳಿನಷ್ಟು ಕಮ್ಮಿ ಬಂತು. ಅದು... ಆ ಶಂಕುನೇ..."

ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಏನು, ಶಂಕು ಸರಿ ಇಲ್ಲ ಅಂತೀಯಾ? ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಮೇಷ್ಟ್ರು ಚಕಾರ ಎತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಒಂದು ಹಿಡಿ ಮರಳು ನೆಟ್ಟಗೆ ಸುರಿಯೋಕೆ ಬರದವಳು ಅದೇನು ಮಕ್ಕಳಿಗೆ ಕಲಿಸ್ತೀಯೋ, ಅದೇನು ಕೆಲಸ ಉಳಿಸ್ಕೋತೀಯೋ!"

ಸೊಸೆಯ ಮುಖ ಕೆಂಪಾಯಿತು.

"ಇಲ್ಲ ಮಾವ," ಎಂದಳು. "ನನ್ನ ಕೈಯೇ ತಪ್ಪಿತು."

"ಹಂಗನ್ನು," ಎಂದು ಮೇಸ್ತ್ರಿ ಊಟ ಮುಂದುವರಿಸಿದರು. ಅತ್ತೆ ಮಾತ್ರ ಸೊಸೆಯ ಮುಖವನ್ನೇ ನೋಡುತ್ತಿದ್ದರು. ಆ ಮನೆಯಲ್ಲಿ ಉಳಿಗಳ ಹರಿತ ಗೊತ್ತಿದ್ದದ್ದು ಮೇಸ್ತ್ರಿಗೆ, ಮಾತಿನ ಹರಿತ ಗೊತ್ತಿದ್ದದ್ದು ಅವರ ಹೆಂಡತಿಗೆ.

ಭಾನುವಾರ ಬೆಳಿಗ್ಗೆ ಸೊಸೆ ತವರಿಗೆ ಹೋಗಿದ್ದಾಗ ಆಕೆ ಕಾರ್ಖಾನೆಯ ಬಾಗಿಲಿಗೆ ಬಂದು ನಿಂತರು. ಲೇತು ನಿಲ್ಲುವವರೆಗೂ ಕಾದರು.

"ರೀ, ಒಂದು ಮಾತು."

"ಹೇಳು."

"ಅವಳ ಕೈ ತಪ್ಪಿಲ್ಲ. ಶುಕ್ರವಾರ ಅವಳು ನಿಮ್ಮ ಕಪಾಟಿನಿಂದ ಹೊಸಾ ಜೋಡಿ ತಗೊಂಡು ಹಿತ್ತಲಲ್ಲಿ ಕೂತು ಮರಳು ಸುರೀತಾ ಇದ್ಲು. ನಾನು ಬಟ್ಟೆ ಒಣಗಿಸ್ತಾ ನೋಡ್ತಾನೇ ಇದ್ದೆ. ಹನ್ನೊಂದು ಸಲ. ಹನ್ನೊಂದು ಸಲಾನೂ ಕಮ್ಮಿನೇ ಬಂತು."

"ಅವಳಿಗೆ ಸುರಿಯೋಕೆ ಬರಲ್ಲ ಅಂತ ಆಗ್ಲೇ..."

"ನಿಮಗೆ ಬರುತ್ತಲ್ಲ, ನೀವೇ ಸುರೀರಿ," ಎಂದು ಆಕೆ ಒಳಗೆ ಹೋದರು.

ಮೇಸ್ತ್ರಿ ಸುರಿದರು. ಹಿತ್ತಲಿನಿಂದ ಮರಳು ತಂದು, ಜರಡಿ ಹಿಡಿದು, ಹೊಸ ಶಂಕುವನ್ನು ತುಂಬಿ, ಮೇಲೆ ಉಕ್ಕಿದ್ದನ್ನು ಸ್ಕೇಲಿನಿಂದ ಸವರಿ ಸಮ ಮಾಡಿ ಸಿಲಿಂಡರಿಗೆ ಹಾಕಿದರು. ಒಂದು. ಎರಡು. ಮೂರು. ಸಿಲಿಂಡರಿನ ಬಾಯಿಗೆ ಇನ್ನೂ ಒಂದು ಬೆರಳು ಬಾಕಿ ಇತ್ತು. ಮರಳು ಒದ್ದೆಯಿರಬೇಕು ಎಂದು ಬಿಸಿಲಿಗೆ ಹರವಿದರು. ಮತ್ತೆ ಸುರಿದರು, ಅಷ್ಟೇ ಬಾಕಿ. ಈ ಜೋಡಿಯೇ ಕೆಟ್ಟದ್ದಿರಬೇಕು ಎಂದು ಕಪಾಟಿನಲ್ಲಿದ್ದ ಉಳಿದ ಆರು ಪೆಟ್ಟಿಗೆಗಳನ್ನೂ ಬಿಚ್ಚಿದರು. ಆರೂ ಅಕ್ಕತಂಗಿಯರ ಹಾಗೆ ಒಂದೇ ಗುಣ: ಮೂರು ಸಲ ಸುರಿದರೆ ಒಂದು ಬೆರಳು ಕಡಿಮೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯ ಕಾಲು ಕಂಡರೂ ಕೂಡಲೇ ಒಪ್ಪಲು ಮನಸ್ಸು ಬರುವುದಿಲ್ಲ. ಮೇಸ್ತ್ರಿ ಕ್ಯಾಲಿಪರ್ ತೆಗೆದುಕೊಂಡು ಅಳೆದರು. ಶಂಕುವಿನ ಬಾಯಿ ಅಂಚಿನಿಂದ ಅಂಚಿಗೆ ಹತ್ತು ಸೆಂಟಿಮೀಟರ್, ಎತ್ತರ ಹತ್ತು. ಸಿಲಿಂಡರ್ ಹತ್ತು, ಎತ್ತರ ಹತ್ತು. ಕೂದಲೆಳೆಯ ವ್ಯತ್ಯಾಸವಿಲ್ಲ. ಹಾಗಾದರೆ ಪುಸ್ತಕವೇ ತಪ್ಪಿರಬೇಕು ಎಂದು ಕೂಡ ಒಂದು ಗಳಿಗೆ ಅನ್ನಿಸಿತು. ಪುಸ್ತಕ ಬರೆದವರು ಎಂದಾದರೂ ಲೇತು ಮುಟ್ಟಿದ್ದಾರೆಯೇ?

ಆಮೇಲೆ, ಯಾಕೆ ಎಂದು ಅವರಿಗೇ ತಿಳಿಯದು, ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ಸಿಲಿಂಡರಿನ ಒಳಗೆ ನೆಟ್ಟಗೆ ಇಳಿಬಿಟ್ಟರು. ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿದರು. ಅದೇ ಕಡ್ಡಿಯನ್ನು ಶಂಕುವಿನ ತುದಿಯವರೆಗೆ ಇಳಿಬಿಟ್ಟರು. ಉಗುರಿನ ಗುರುತು ಶಂಕುವಿನ ಬಾಯಿಯಿಂದ ಮೇಲೆ ನಿಂತಿತ್ತು. ಹೊರಗೆ ಒಂದೇ ಎತ್ತರವಿರುವ ಎರಡು ಪಾತ್ರೆಗಳು ಒಳಗೆ ಒಂದೇ ಆಳ ಇರಲಿಲ್ಲ.

ಮರ ಕಡೆಯುವವರು ಅಳೆಯುವುದೆಲ್ಲ ಹೊರಗಿನಿಂದ. ಮಂಚದ ಕಾಲಿಗೆ ಒಳಗು ಎಂಬುದೇ ಇಲ್ಲ, ಸುತ್ತಿಗೆಯ ಹಿಡಿಗೂ ಇಲ್ಲ. ಈ ಟೊಳ್ಳು ಜೋಡಿಯನ್ನೂ ಮೇಸ್ತ್ರಿ ಹೊರಗಿನಿಂದ ಹತ್ತಕ್ಕೆ ಹತ್ತು ಕಡೆದು, ಒಳಗನ್ನು ಅರ್ಧ ಸೆಂಟಿಮೀಟರ್ ದಪ್ಪ ಗೋಡೆ ಉಳಿಯುವಂತೆ ಕೊರೆದು ತೆಗೆದಿದ್ದರು. ಸಿಲಿಂಡರಿನ ತಳದಲ್ಲಿ ಆ ಗೋಡೆ ಅರ್ಧ ಸೆಂಟಿಮೀಟರನ್ನೇ ತಿನ್ನುತ್ತದೆ. ಶಂಕುವಿನ ಗೋಡೆ ಓರೆ. ಕೆಳಗೆ ತುದಿಯಲ್ಲಿ ಎರಡು ಕಡೆಯ ಮರವೂ ಒಟ್ಟು ಸೇರಿ ಒಂದು ಸೆಂಟಿಮೀಟರಿಗೂ ಮೇಲೆ ನುಂಗಿಬಿಡುತ್ತದೆ. ಮರಳು ಹೊರಗಿನ ಪಾಲಿಶನ್ನು ಕೇಳುವುದಿಲ್ಲ, ಒಳಗಿನ ಜಾಗವನ್ನು ಮಾತ್ರ ಕೇಳುತ್ತದೆ. ಇಷ್ಟು ಸಣ್ಣ ಸಂಗತಿ ಇಪ್ಪತ್ತೆರಡು ವರ್ಷ ತಮ್ಮ ತಲೆಗೆ ಹೋಗಲಿಲ್ಲವಲ್ಲ ಎಂದು ಮೇಸ್ತ್ರಿ ಸ್ಟೂಲಿನ ಮೇಲೆ ಕೂತುಬಿಟ್ಟರು. ನಿಜವಾಗಿ ನಾಚಿಕೆಯಾಯಿತು.

ಸೊಸೆ ಸಂಜೆ ಬಂದಾಗ ಅವರು ಅಲ್ಲೇ ಇದ್ದರು. ಮೇಜಿನ ಮೇಲೆ ಏಳು ಜೋಡಿ, ಎಲ್ಲೆಲ್ಲೂ ಮರಳು.

"ನಿಂಗೆ ಗೊತ್ತಿತ್ತಾ?"

ಅವಳು ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ನಿಂತಳು. "ಗೊತ್ತಿತ್ತು ಮಾವ. ಗುರುವಾರ ತರಗತೀಲಿ ಅನುಮಾನ ಬಂತು, ಶುಕ್ರವಾರ ಖಾತ್ರಿ ಆಯ್ತು."

"ಮತ್ತೆ ಸಾಹೇಬ್ರಿಗೆ ಯಾಕೆ ಹೇಳ್ಲಿಲ್ಲ?"

"ಅವ್ರು ಸಿಲಿಂಡರಿನ ತಳ ತಿರುಗಿಸಿ ನಿಮ್ಮ ಮಾರ್ಕು ನೋಡಿದ್ರು. 'ಇದು ಕೂದಲೆಳೆ ಮೇಸ್ತ್ರಿ ಕೆಲಸ, ಇದು ತಪ್ಪಲ್ಲ' ಅಂದ್ರು. ನಾನು ನಿಮ್ಮ ಸೊಸೆ ಅಂತ ಅವ್ರಿಗೆ ಗೊತ್ತಿಲ್ಲ. ಎಲ್ಲ ಶಾಲೆಗೂ ನಿಮ್ಮ ಪೆಟ್ಟಿಗೆ ತರಿಸಿ ಅಂತ ಬರೆಯೋರು ಅವ್ರೇ ಅಲ್ವಾ. ಅವ್ರ ಮುಂದೆ, ಹುಡುಗೀರ ಮುಂದೆ ನಿಮ್ಮ ಹೆಸರು ಯಾಕೆ ಅಂತ ಸುಮ್ಮನಾದೆ."

"ನಿನ್ನ ಕೆಲಸ ಹೋದ್ರೂ?"

ಅವಳು ಪೊರಕೆ ತಂದು ಮರಳು ಗುಡಿಸತೊಡಗಿದಳು.

ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಮೇಸ್ತ್ರಿ ತಪಾಸಣೆ ಸಾಹೇಬರ ಬಾಗಿಲಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಒಂದು ಜೋಡಿ. ಸಾಹೇಬರು ದಪ್ಪ ಕನ್ನಡಕದ, ಮೃದು ಮಾತಿನ ಮನುಷ್ಯ. ತಾವೇ ಹದಿನೆಂಟು ವರ್ಷ ಗಣಿತ ಹೇಳಿಕೊಟ್ಟು ಆಮೇಲೆ ಈ ಕುರ್ಚಿಗೆ ಬಂದವರು. ಮೇಸ್ತ್ರಿಯನ್ನು ಕಂಡು ಎದ್ದು ನಿಂತರು, ಟೀ ತರಿಸಿದರು. ಮೇಸ್ತ್ರಿ ಟೀ ಮುಟ್ಟದೆ ಒಂದೇ ಉಸಿರಿಗೆ ಹೇಳಿದರು: ಶಂಕು ತಪ್ಪು, ಸಿಲಿಂಡರಿಗೆ ಹೊಂದುವುದಿಲ್ಲ, ಎಲ್ಲ ಪೆಟ್ಟಿಗೆಯೂ ಹಾಗೆಯೇ ಇವೆ, ಹೋದ ಗುರುವಾರ ತಪ್ಪಿದ ಆ ಟೀಚರ್ ತಮ್ಮ ಸೊಸೆ.

ಸಾಹೇಬರು ನಕ್ಕರು. "ಅಯ್ಯೋ ಮೇಸ್ತ್ರಿ, ಇದಕ್ಕೆ ಇಷ್ಟು ದೂರ ಬಂದ್ರಾ? ನಂಗೆ ಗೊತ್ತಿಲ್ದೇ ಇದ್ಯಾ?"

"ಗೊತ್ತಿದ್ಯಾ?"

"ನಾನು ಮೊದಲನೇ ವರ್ಷವೇ ಕಂಡುಕೊಂಡೆ. ಶಂಕು ತುಂಬುವಾಗ ಮೇಲೆ ಸ್ವಲ್ಪ ಗುಡ್ಡೆ ಮಾಡಬೇಕು. ಸವರಬಾರದು. ಮೂರು ಸಲ ಗುಡ್ಡೆ ಮಾಡಿ ಸುರಿದ್ರೆ ಸಿಲಿಂಡರ್ ತುಂಬುತ್ತೆ, ಮಕ್ಕಳು ಚಪ್ಪಾಳೆ ಹೊಡೀತಾರೆ. ಎಲ್ಲ ಮೇಷ್ಟ್ರುಗಳೂ ಹಂಗೇ ಮಾಡೋದು. ಪೆಟ್ಟಿಗೆ ಬಿಚ್ಚೋರು, ಅಂದ್ರೆ. ಬಿಚ್ಚದೇ ಇರೋರೇ ಜಾಸ್ತಿ ಬಿಡಿ. ನಿಮ್ಮ ಸೊಸೆಗೆ ಆ ಪದ್ಧತಿ ಗೊತ್ತಿಲ್ಲ. ಅದಕ್ಕೇ ಬರ್ದಿದ್ದೀನಿ." ಫೈಲು ತೆಗೆದು ತೋರಿಸಿದರು. ಗುಂಡಾದ ಅಕ್ಷರದಲ್ಲಿ ಬರೆದಿತ್ತು: 'ಶಿಕ್ಷಕಿಗೆ ಮಾದರಿ ಬಳಸುವ ಕ್ರಮ ತಿಳಿದಿಲ್ಲ.'

ಮೇಸ್ತ್ರಿ ಆ ಸಾಲನ್ನು ಎರಡು ಸಲ ಓದಿದರು. "ಗೊತ್ತಿದ್ದೂ ಒಬ್ಬರಾದ್ರೂ ನಂಗೆ ಹೇಳಬಾರದಿತ್ತಾ ಸಾಹೇಬ್ರೇ?"

"ಏನಂತ ಹೇಳೋದು? ಆ ಪಾಲಿಶ್ ನೋಡಿದ್ರೆ, ಆ ಅಂಚು ನೋಡಿದ್ರೆ, ಬಾಯೇ ಬರ್ತಿರಲಿಲ್ಲ. ನೀವೂ ಬೇಜಾರು ಮಾಡ್ಕೋತಿದ್ರಿ. ನಿಮ್ಮ ಕೋಪ ಊರಿಗೇ ಗೊತ್ತಲ್ಲ." ಸಾಹೇಬರು ಫೈಲು ಮುಚ್ಚಿದರು. "ಗುರುವಾರ ಗುಡ್ಡೆ ಮಾಡಿ ಸುರಿಯೋಕೆ ಹೇಳಿ. ಒಳ್ಳೇ ಮಾತು ಬರೀತೀನಿ, ಮುಗೀತು."

ದೂರು ಬರದಿದ್ದದ್ದು ಕೆಲಸ ಸರಿಯಾಗಿದೆ ಎಂದಲ್ಲ, ತಮ್ಮ ಬಾಯಿಗೆ ಹೆದರಿ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಮೇಸ್ತ್ರಿಯ ತಲೆಯಲ್ಲಿ ಇದೊಂದೇ ಓಡುತ್ತಿತ್ತು. ಸೊಸೆಯ ವಿಷಯದಲ್ಲೂ ಆದದ್ದು ಅದೇ. ಅವಳು ಅರ್ಧ ಮಾತು ಎತ್ತಿದ್ದಳು, ಉಳಿದರ್ಧವನ್ನು ಅವರೇ ಅವಳ ಗಂಟಲಿಗೆ ವಾಪಸು ತುರುಕಿದ್ದರು.

ಸಂಜೆ ಸಾಹೇಬರ ಮಾತನ್ನು ಇದ್ದದ್ದು ಇದ್ದ ಹಾಗೆ ಸೊಸೆಗೆ ತಿಳಿಸಿದರು. ಅವಳು ಯೋಚಿಸಲೂ ಇಲ್ಲ.

"ನಾನು ಗುಡ್ಡೆ ಮಾಡಲ್ಲ ಮಾವ. ಮೂರರಲ್ಲಿ ಒಂದು ಅಂದ್ರೆ ಮೂರರಲ್ಲಿ ಒಂದು. ಬರದೇ ಇರೋದನ್ನ ಕೈಚಳಕದಿಂದ ಬರಿಸಿ ತೋರ್ಸಿದ್ರೆ ಅದು ಜಾದೂ, ಗಣಿತ ಅಲ್ಲ. ಬೋರ್ಡಿನ ಮೇಲೇ ಪಾಠ ಮಾಡ್ತೀನಿ."

"ಬೋರ್ಡಿನ ಮೇಲೆ ಮಾಡಿದ್ರೆ ಅವ್ರು ಬರೆದ ಸಾಲು ಹಂಗೇ ನಿಲ್ಲುತ್ತೆ. ಮಾದರಿ ಬಳಸೋಕೆ ಬರಲ್ಲ ಅಂತ."

"ನಿಲ್ಲಲಿ."

"ನಿಲ್ಲಬಾರದು," ಎಂದರು ಮೇಸ್ತ್ರಿ. "ಮೂರು ದಿನ ಇದೆ. ಸರಿಯಾದ ಜೋಡಿ ಕೊಡ್ತೀನಿ. ಒಳಗಿನ ಲೆಕ್ಕ ನೀನು ಹಾಕು."

ಇಬ್ಬರೂ ಮೇಜಿಗೆ ಎದುರುಬದುರು ಕೂತರು. ಸೊಸೆ ಪೆನ್ಸಿಲಿನಲ್ಲಿ ಒಳಗಿನ ಆಕೃತಿಯನ್ನಷ್ಟೇ ಬರೆದಳು: ಒಳಬಾಯಿ ಒಂಬತ್ತು, ಒಳ ಆಳ ಒಂಬತ್ತು, ಎರಡಕ್ಕೂ. ಹೊರಗೆ ಹೇಗಾದರೂ ಇರಲಿ. ಕೇಳುತ್ತಾ ನಿಂತಿದ್ದ ಅತ್ತೆ, ಹಳೆಯ ಸಿಲಿಂಡರಿನ ತಳಕ್ಕೇ ಒಂದು ಬಿಲ್ಲೆ ಕೂರಿಸಿದರೆ ಸಾಲದೇ, ಜಾಗ ಕಡಿಮೆಯಾಗಿ ಮೂರು ಸರಿಹೋಗುತ್ತದಲ್ಲ ಎಂದರು. ಸರಿಹೋಗುತ್ತದೆ, ಆದರೆ ಎತ್ತರ ಒಂದೇ ಅಲ್ಲವಾಗುತ್ತದೆ, ಅದೂ ಒಂದು ಥರದ ಗುಡ್ಡೆಯೇ ಎಂದರು ಮೇಸ್ತ್ರಿ. ಅವರ ಬಾಯಲ್ಲಿ ಆ ಮಾತು ಕೇಳಿ ಸೊಸೆ ಮೊದಲ ಸಲ ನಕ್ಕಳು.

ಹೇಳಿದಷ್ಟು ಸುಲಭವಿರಲಿಲ್ಲ. ಹೊರಗಿನ ಕೆಲಸ ಕಣ್ಣಿಗೆ ಕಾಣುತ್ತದೆ, ಒಳಗಿನದು ಉಳಿಯ ತುದಿಗೆ ಮಾತ್ರ ಗೊತ್ತು. ಮೇಸ್ತ್ರಿ ಮೊದಲು ಒಂದು ಗಟ್ಟಿ ಶಂಕುವನ್ನು ಕಡೆದರು, ಅಗಲ ಒಂಬತ್ತು, ಎತ್ತರ ಒಂಬತ್ತು. ಅದಕ್ಕೆ ಸೀಮೆಸುಣ್ಣ ಬಳಿದು, ಟೊಳ್ಳು ಶಂಕುವಿನೊಳಗೆ ಕೂರಿಸಿ, ಒಂದು ಸುತ್ತು ತಿರುಗಿಸಿ ಹೊರಗೆ ತೆಗೆಯುವುದು. ಒಳಗೆ ಎಲ್ಲಿ ಬಿಳಿ ಅಂಟಿದೆಯೋ ಅಲ್ಲಿ ಮರ ಹೆಚ್ಚಿದೆ ಎಂದರ್ಥ. ಅಲ್ಲಿ ಕೆರೆದು ಮತ್ತೆ ಸುಣ್ಣ ಬಳಿಯುವುದು. ತುದಿಗೆ ಯಾವ ಉಳಿಯೂ ಇಳಿಯುತ್ತಿರಲಿಲ್ಲ. ಒಂದು ಹಳೆಯ ಅರವನ್ನು ಕಲ್ಲಿಗೆ ಉಜ್ಜಿ ಉಜ್ಜಿ ಸೂಜಿಮೊನೆ ಮಾಡಿಕೊಂಡರು. ಬುಧವಾರ ಮಧ್ಯಾಹ್ನ, ಇನ್ನೇನು ಮುಗಿಯಿತು ಎನ್ನುವಾಗ, ಆ ಮೊನೆ ಗೋಡೆಯ ಆಚೆ ಬಂದು ಬೆಳಕು ಕಂಡಿತು. ಎರಡು ದಿನದ ಕೆಲಸ ಒಲೆಗೆ ಹೋಯಿತು.

ಹಿಂದಿನ ಮೇಸ್ತ್ರಿಯಾಗಿದ್ದರೆ ಮನೆಮಂದಿಗೆಲ್ಲ ಬೈಗುಳದ ಸುರಿಮಳೆಯಾಗುತ್ತಿತ್ತು. ಈ ಸಲ ಸುಮ್ಮನೆ ಇನ್ನೊಂದು ತುಂಡು ಮರ ಲೇತಿಗೆ ಸಿಕ್ಕಿಸಿದರು. ಹೆಂಡತಿ ಅನುಮಾನದಿಂದ ಬಂದು ಹಣೆ ಮುಟ್ಟಿ ನೋಡಿದರು, ಜ್ವರವೇನೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಸೊಸೆ ಶಾಲೆಗೆ ಹೊರಡುವಾಗಲೂ ಶಂಕುವಿನ ಒಳಗೆ ಕೊನೆಯ ಸುಣ್ಣದ ಚುಕ್ಕೆ ಉಳಿದಿತ್ತು. "ನೀನು ಹೋಗು, ನಾನೇ ತರ್ತೀನಿ," ಎಂದರು. ಮೂರನೆಯ ಪೀರಿಯಡ್ಡಿನ ಗಂಟೆ ಹೊಡೆಯುವಾಗ ಅವರು ಚೀಲ ಹಿಡಿದು ತರಗತಿಯ ಬಾಗಿಲಿಗೆ ಬಂದರು. ಅಂಗಿಯ ತೋಳಿನ ಮೇಲೆ ಹೊಟ್ಟು ಹಾಗೆಯೇ ಇತ್ತು. ಪಾಲಿಶ್ ಹಚ್ಚಲು ಪುರುಸೊತ್ತಿರಲಿಲ್ಲ. ಹೊರಗೆ ಉಳಿಯ ಗೆರೆ ಎದ್ದು ಕಾಣುವ ಒರಟು ಜೋಡಿ, ತಳದಲ್ಲಿ ಮಾರ್ಕು ಕೂಡ ಇಲ್ಲ. ಸೊಸೆಯ ಕೈಗೆ ಕೊಟ್ಟು ಬಾಗಿಲ ಹೊರಗೆ ನಿಂತರು. ಅದನ್ನು ಸುರಿದು ನೋಡಲು ಅವರಿಗೇ ಸಮಯ ಸಿಕ್ಕಿರಲಿಲ್ಲ. ತಪ್ಪಿದರೆ ಈ ಸಲ ಹೋಗುವುದು ಅವಳ ಕೆಲಸ.

ಮೂವತ್ತೆಂಟು ಹುಡುಗಿಯರು, ಹಿಂದಿನ ಬೆಂಚಿನಲ್ಲಿ ಸಾಹೇಬರು, ಅವರ ತೊಡೆಯ ಮೇಲೆ ಫೈಲು. ಸೊಸೆ ಹೊಸ ಜೋಡಿಯನ್ನು ಮೇಜಿನ ಮೇಲಿಟ್ಟಳು. ಮೊದಲು ಒಬ್ಬ ಹುಡುಗಿಯನ್ನು ಕರೆದು ಕಡ್ಡಿಯಿಂದ ಎರಡರ ಒಳ ಆಳ ಅಳೆಯಿಸಿದಳು, ಸ್ಕೇಲಿನಿಂದ ಒಳಬಾಯಿ ಅಳೆಯಿಸಿದಳು. ಬೋರ್ಡಿನ ಮೇಲೆ ಬರೆಸಿದಳು: ಒಂಬತ್ತು, ಒಂಬತ್ತು, ಒಂಬತ್ತು, ಒಂಬತ್ತು. ಆಮೇಲೆ ಮರಳು. ಒಬ್ಬಳು ತುಂಬಿದಳು, ಇನ್ನೊಬ್ಬಳು ಸವರಿದಳು. ಒಂದು. ಎರಡು. ಮೂರನೆಯದನ್ನು ಸೊಸೆ ತಾನೇ ಸುರಿದಳು, ನಿಧಾನವಾಗಿ. ಸಿಲಿಂಡರಿನ ಮೇಲೆ ಸ್ಕೇಲನ್ನು ಅಡ್ಡ ಎಳೆದಳು. ಸ್ಕೇಲಿಗೆ ಏನೂ ತಾಗಲಿಲ್ಲ, ಕೆಳಗೆ ಸಂದೂ ಉಳಿಯಲಿಲ್ಲ. ಹುಡುಗಿಯರು ಒಂದೇ ಸಲಕ್ಕೆ ಹೋ ಎಂದರು. ಬಾಗಿಲ ಹೊರಗೆ ಮೇಸ್ತ್ರಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಸಾಹೇಬರು ಎದ್ದು ಬಂದರು. ಅವರಿಗೆ ಖುಷಿಯಾಗಿತ್ತು. "ಭೇಷ್! ನೋಡಿದ್ಯಾ, ಅಷ್ಟೇ ಇದು. ಎಲ್ಲಿ, ಇನ್ನೊಂದು ಸಲ ನಾನೇ ಮಾಡಿ ತೋರಿಸ್ತೀನಿ," ಎಂದು ಫೈಲನ್ನು ಮೇಜಿನ ಮೇಲಿಟ್ಟು ಶಂಕು ಕೈಗೆತ್ತಿಕೊಂಡರು. ಹದಿನೆಂಟು ವರ್ಷದ ಕೈ, ಹೇಳಿದರೂ ಕೇಳುವುದಿಲ್ಲ. ತುಂಬಿದರು, ಗುಡ್ಡೆ ಮಾಡಿದರು, ಸುರಿದರು. ಮತ್ತೆ ಗುಡ್ಡೆ. ಮೂರನೆಯ ಸಲ ಸಿಲಿಂಡರ್ ತುಂಬಿ, ಉಕ್ಕಿ, ಮರಳು ಮೇಜಿನ ಮೇಲೆ ಹರಿದು ಫೈಲಿನ ಮೇಲೆ ಬಿತ್ತು.

"ಇದೇನಿದು?" ಎಂದರು ಸಾಹೇಬರು.

"ಸರ್, ನೀವು ಸವರಲಿಲ್ಲ," ಎಂದಳು ಮುಂದಿನ ಬೆಂಚಿನ ಹುಡುಗಿ. ಹಿಂದಿನವರು ನಗು ತಡೆಯಲು ಬೆಂಚಿನ ಕೆಳಗೆ ಬಗ್ಗಿದರು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾದ್ರೆ ಹೋದ ವಾರ ಯಾಕೆ ಕಮ್ಮಿ ಬಂತಮ್ಮ?" ಅವರಿಗೆ ಗೊತ್ತಿತ್ತು. ಆದರೂ ಮಕ್ಕಳ ಮುಂದೆ ಕೇಳದೆ ವಿಧಿಯಿರಲಿಲ್ಲ.

ಸೊಸೆ ಒಮ್ಮೆ ಬಾಗಿಲ ಕಡೆ ನೋಡಿದಳು. "ಹೋದ ವಾರ ನನ್ನ ಕೈ..."

"ಅವಳ ಕೈ ಅಲ್ಲ," ಎಂದರು ಮೇಸ್ತ್ರಿ. ಯಾವಾಗ ಒಳಗೆ ಬಂದರು ಎಂದು ಅವರಿಗೇ ಗೊತ್ತಾಗಲಿಲ್ಲ. ಮೂವತ್ತೆಂಟು ತಲೆಗಳು ತಿರುಗಿದವು. "ಆ ಶಂಕು ಮಾಡಿದ್ದು ನಾನು. ಹೊರಗಿನ ಅಳತೆ ನೋಡ್ದೆ, ಒಳಗಿನದು ನೋಡ್ಲಿಲ್ಲ. ನಿಮ್ಮ ಟೀಚರ್ ಸರಿಯಾಗೇ ಸುರಿದಿದ್ರು. ತಪ್ಪು ನಂದು."

ಆ ಮುಂದಿನ ಬೆಂಚಿನ ಹುಡುಗಿಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ವಾ ತಾತಾ?"

"ಒಬ್ಬಳು ಹೇಳೋಕೆ ಬಂದ್ಲು. ನಾನು ಕೇಳ್ಲಿಲ್ಲ."

ಸಾಹೇಬರು ಫೈಲಿನ ಮೇಲಿನ ಮರಳು ಕೊಡವಿದರು. ಒಮ್ಮೆ ಸಹಿ ಬಿದ್ದ ಸಾಲನ್ನು ಹೊಡೆದು ಹಾಕುವ ಹಾಗಿಲ್ಲ, ಕೆಳಗೆ ಸೇರಿಸಬಹುದು ಅಷ್ಟೇ ಎಂದು ಮೆಲ್ಲಗೆ ಹೇಳಿದರು. ಪೆನ್ನು ತೆಗೆದರು, ಹಿಡಿದುಕೊಂಡೇ ನಿಂತರು. ಮಾದರಿ ತಪ್ಪಿತ್ತು ಎಂದು ಬರೆದರೆ, ತಪ್ಪು ಮಾದರಿಯನ್ನು ಊರೂರಿಗೆ ತರಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮೇಸ್ತ್ರಿಗೆ ಅದು ಅರ್ಥವಾಯಿತು.

"ಗುಡ್ಡೆ ವಿಷಯ ಬರೀಬೇಡಿ ಸಾಹೇಬ್ರೇ," ಎಂದು ಪಿಸುಗುಟ್ಟಿದರು. "ನನ್ನದೊಂದು ಬರೀರಿ, ಸಾಕು. ನಾನು ಸಹಿ ಹಾಕ್ತೀನಿ."

ಸಾಹೇಬರು ಬರೆದರು: 'ಹಿಂದಿನ ಪಾಠದಲ್ಲಿ ಬಳಸಿದ ಮಾದರಿಯ ಒಳ ಅಳತೆ ತಪ್ಪಾಗಿತ್ತು. ಮಾಡಿದವರು ಒಪ್ಪಿಕೊಂಡಿದ್ದಾರೆ. ಶಿಕ್ಷಕಿಯ ಕ್ರಮ ಸರಿ. ಕಾಯಂ ಮಾಡಬಹುದು.' ಕೊನೆಯ ಎರಡು ಪದ ಬರೆಯುವಾಗ ಸೊಸೆ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೇಸ್ತ್ರಿ ಕೆಳಗೆ ಸಹಿ ಹಾಕಿದರು. ಹೋದ ಪೆಟ್ಟಿಗೆಗಳನ್ನೆಲ್ಲ ವಾಪಸು ಕಳಿಸಲು ಶಾಲೆಗಳಿಗೆ ಬರೆಯಿರಿ, ಕೈ ನಡೆಯುವಷ್ಟು ದಿನ ಒಂದೊಂದಾಗಿ ಸರಿ ಮಾಡಿ ಕೊಡುತ್ತೇನೆ ಎಂದರು. ಸಾಹೇಬರು ತಲೆಯಾಡಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಹುಡುಗಿಯರು ಹೋದ ಮೇಲೆ ಇಬ್ಬರೂ ಸೇರಿ ಮರಳನ್ನು ಡಬ್ಬಿಗೆ ತುಂಬಿದರು. ಸೊಸೆ ಒರಟು ಶಂಕುವನ್ನು ಒರೆಸಿ ಬೀರುವಿನಲ್ಲಿಟ್ಟಳು. ಮೇಸ್ತ್ರಿ ಖಾಲಿ ಚೀಲ ಮಡಚಿಕೊಂಡು ಬಾಗಿಲವರೆಗೆ ಹೋದವರು ನಿಂತರು.

"ತಪ್ಪಾಯ್ತು ಕಣಮ್ಮ."

"ಅಯ್ಯೋ, ಅಷ್ಟು ಜನರ ಮುಂದೆ ಹೇಳಿದ್ರಲ್ಲ ಮಾವ. ಶಂಕು ಈಗ ಸರಿ ಆಯ್ತಲ್ಲ."

"ಶಂಕು ವಿಷಯ ಅಲ್ಲ," ಎಂದರು ಮೇಸ್ತ್ರಿ. "ಅವತ್ತು ಊಟಕ್ಕೆ ಕೂತಾಗ ನಿಂಗೆ ಅಂದ್ನಲ್ಲ, ಅದಕ್ಕೆ."

ಸೊಸೆ ಬೀರುವಿಗೆ ಬೀಗ ಹಾಕುತ್ತಿದ್ದಳು. ಬೀಗದ ಕೈ ತಿರುಗಿಸಿದ ಮೇಲೂ ಅದನ್ನು ಬಿಡಲಿಲ್ಲ.

"ಅದು ನಂಗೆ ಆವತ್ತೇ ಮರ್ತೋಯ್ತು," ಎಂದಳು, ತಿರುಗದೆ.

"ಇಲ್ಲ, ಮರ್ತಿಲ್ಲ," ಎಂದರು ಮಾವ. "ಅದಕ್ಕೇ ಹೇಳ್ತಿರೋದು."